ಬಾಗಿಲಲ್ಲಿ ತಡೆದ ಕೈ

ಗಾಳಿಯನ್ನು ಹೊರಹಾಕುವುದನ್ನೇ ವೃತ್ತಿಯಾಗಿಸಿಕೊಂಡವರಲ್ಲಿ, ಅಬುಧಾಬಿಯ ಉಪಗ್ರಹ ಪರೀಕ್ಷಾಗಾರದಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ವಾರಿಜಾಕ್ಷಿಯವರಷ್ಟು ತಾಳ್ಮೆಯುಳ್ಳವರು ವಿರಳ. ಏನೂ ಇಲ್ಲದ್ದನ್ನು ತಯಾರಿಸುವುದಕ್ಕೂ ಸಂಬಳವೇ ಎಂದು ತಾವು ವಾಸವಿದ್ದ ಡಿಸ್ಕವರಿ ಗಾರ್ಡನ್ಸ್‌ನ ನೆರೆಯವರು ಛೇಡಿಸಿದರೆ ನಕ್ಕುಬಿಡುತ್ತಿದ್ದರು.

ಅಲ್ ಐನ್‌ನಲ್ಲಿ ಕಾರು ರಿಪೇರಿ ಮಾಡಿಕೊಂಡಿದ್ದ ಅಹ್ಮದರನ್ನು ಕರೆತಂದು ಕೆಲಸ ಕಲಿಸಿದವರು, ವೀಸಾ ತೊಡಕಾದಾಗ ಕಚೇರಿಯಿಂದ ಕಚೇರಿಗೆ ಅಲೆದವರು ಅವರೇ. ಮುಂದೆ ಅಹ್ಮದರ ಅಕ್ಕ ಜುಬೈದರ ಗಂಡ ಅನ್ಸಿಫ್‌ಗೂ ಅವರ ಮಾತಿನಿಂದಲೇ ಅಲ್ಲಿ ಕೆಲಸವಾಯಿತು.

ಐದು ವರ್ಷಗಳ ಹಿಂದೆ, ರಿಪೇರಿಯಾದ ನಂತರ ಗಾಳಿಯನ್ನೆಲ್ಲ ತೆಗೆದು ಉಪಗ್ರಹ ಪರೀಕ್ಷಿಸುವ, ಕೋಣೆಯಷ್ಟು ದೊಡ್ಡ ನಿರ್ವಾತ ಕೋಶವನ್ನು ಮುಚ್ಚಿ ಪಂಪು ಹಾಕಿದಾಗ ಒತ್ತಡ ಇಳಿಯಬೇಕಾದಷ್ಟು ಇಳಿಯಲಿಲ್ಲ. ಜೋಡಣೆಗಳ ಮೇಲೆ ಹೊರಗಿನಿಂದ ಹೀಲಿಯಂ ಊದುತ್ತ ಬಂದಾಗ, ಬಾಗಿಲಿನ ಬಳಿ ಸೋರಿಕೆ ಪತ್ತೆಯ ಯಂತ್ರ ಕೂಗಿತು. ತೇವ ಸೇರದಂತೆ ಒಳಗೆ ಗಾಳಿಯ ಬದಲು ನೈಟ್ರೋಜನ್ ತುಂಬಿಸಿ ಬಾಗಿಲು ತೆರೆದರು. ಒಳಗೆ ಉಸಿರಾಡುವಷ್ಟು ಆಮ್ಲಜನಕ ಇದೆಯೇ ಎಂದು ಅಳೆಯುವ ಮುನ್ನವೇ ಬಾಗಿಲಂಚಿನ ರಬ್ಬರ್ ಸೀಲು ನೋಡಲು ಒಳಗೆ ಕಾಲಿಟ್ಟ ಅನ್ಸಿಫ್ ಸದ್ದಿಲ್ಲದೆ ಕುಸಿದರು. ನುಗ್ಗಹೊರಟ ಅಹ್ಮದರ ತೋಳನ್ನು ವಾರಿಜಾಕ್ಷಿಯವರು ಹಿಡಿದುಬಿಟ್ಟರು. ಅಹ್ಮದ್ ಗುದ್ದಿದರು, ಗೋಗರೆದರು, ಹಿಡಿತ ಸಡಿಲಲಿಲ್ಲ. ಉಸಿರಾಟದ ಮುಖವಾಡ ತೊಟ್ಟವರು ಬಂದು ಹೊರತರುವಷ್ಟರಲ್ಲಿ ಅನ್ಸಿಫ್ ತೀರಿಕೊಂಡಿದ್ದರು.

ಊರಿನಿಂದ ಜುಬೈದ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ನೀನು ನೋಡ್ತಾ ನಿಂತಿದ್ದೆಯಾ?” ಆ ಪ್ರಶ್ನೆ ಅಹ್ಮದರನ್ನು ಇಂದಿಗೂ ಬಿಟ್ಟಿಲ್ಲ.

ತನಿಖೆ ಮುಗಿದ ಮೇಲೆ ಆ ಬಾಗಿಲನ್ನು ಮುಟ್ಟಲು ಯಾರೂ ಮುಂದಾಗಲಿಲ್ಲ. ಸೀಲನ್ನು ಒರೆಸಲು ಹೋದವರು ವಾರಿಜಾಕ್ಷಿಯವರೇ. ಅದಕ್ಕೆ ಅಂಟಿದ್ದದ್ದು ಒಂದೆಳೆ ಕೂದಲು. ಇಷ್ಟಕ್ಕೆ ಒಂದು ಜೀವ ಹೋಯಿತೇ ಎಂದು ಅಲ್ಲೇ ಕುಳಿತು ಅತ್ತರು. ಆಮೇಲೆ ಬಾಗಿಲು ಮುಚ್ಚಿಸಿ, ಪಂಪು ಹಾಕಿ, ಮತ್ತೆ ಹೀಲಿಯಂ ಊದಿ ನೋಡಿದರು. ಯಂತ್ರ ಸುಮ್ಮನಿತ್ತು, ಒತ್ತಡ ಇಳಿಯುತ್ತ ಹೋಯಿತು. ಅಹ್ಮದ್ ಪಕ್ಕದಲ್ಲೇ ಇದ್ದರು. ಅಂದಿನಿಂದ ಅವರಿಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ.

ಕಳೆದ ವಾರ ಬೀಳ್ಕೊಡುಗೆಯಲ್ಲಿ ಅಹ್ಮದ್ ತಾವಾಗಿಯೇ ಹತ್ತಿರ ಬಂದರು.

“ನೀವು ಬಿಟ್ಟಿದ್ರೆ ನಾನೂ ಹೋಗ್ತಿದ್ದೆ ಮೇಡಂ, ಗೊತ್ತುಂಟು. ಆದ್ರೂ ನಿಮ್ಮನ್ನು ಕ್ಷಮಿಸ್ಲಿಕ್ಕೆ ಆಗುದಿಲ್ಲ.”

“ಬೇಡ ಅಹ್ಮದ್. ನೀವು ಇದ್ದೀರಲ್ಲ.”

ಉಡುಪಿಗೆ ಮರಳಿದ ಮೇಲೂ ಹೊಸ ತಂತ್ರಜ್ಞರಿಗೆ ಸುರಕ್ಷತೆಯ ಪಾಠ ಹೇಳುವ ಇರಾದೆ ವಾರಿಜಾಕ್ಷಿಯವರಿಗಿದೆ, ಅದು ನಡೆಯಲಿ. ಅಹ್ಮದರ ಮನಸ್ಸು ತಿಳಿಯಾಗಲು ಇನ್ನೂ ಬಹಳ ಕಾಲ ಹಿಡಿದೀತು. ಅದನ್ನು ಕಾಣುವವರೆಗಾದರೂ ವಾರಿಜಾಕ್ಷಿಯವರಿಗೆ ಆಯುಸ್ಸಿರಲಿ.