ಗಡಿಯ ಸಿಪಾಯಿಯ ಹುಟ್ಟೂರು

ಪರದೇಶದ ಈ ಸ್ವೋರ್ಡ್ಸ್ ಎಂಬ ಊರಿಗೆ ಬಂದ ಮೂರನೇ ವರ್ಷ ಲಾಕ್‌ಡೌನ್ ಆಯಿತು. ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ನಾನು ರಿಸೆಪ್ಷನಿಸ್ಟ್ ಆಗಿದ್ದೆ. ವಿಮಾನಗಳೇ ನಿಂತ ಮೇಲೆ ನನ್ನ ಕೆಲಸವೂ ನಿಂತಿತು. ಆಗ ನನಗೆ ಆರು ತಿಂಗಳು ತುಂಬಿತ್ತು. ಒಂದು ಬೆಳಿಗ್ಗೆ ಮಗು ಮಿಸುಕಲಿಲ್ಲ. ಆಸ್ಪತ್ರೆಯ ಸ್ಕ್ಯಾನಿಂಗ್‌ಗೆ ಜೊತೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಗಂಡ ಕಾರಿನಲ್ಲೇ ಕೂತಿದ್ದ. ನಾನೇ ಅವನಿಗೆ ಫೋನ್ ಮಾಡಿ ಹೇಳಬೇಕಾಯಿತು. ಗಂಡು ಮಗು. ಹೆಸರು ಇನ್ನೂ ಯೋಚಿಸಿರಲಿಲ್ಲ.

ಆಮೇಲೆ ಮನೆಯಲ್ಲಿ ಮಾತೇ ಕಮ್ಮಿಯಾಯಿತು. ಅವನು ಬೆಡ್‌ರೂಮಿನಲ್ಲಿ ಆಫೀಸಿನ ಮೀಟಿಂಗ್ ಮಾಡುತ್ತಿದ್ದ, ನಾನು ಅಡುಗೆಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ಊರಿಂದ ಅಮ್ಮ ಫೋನ್ ಮಾಡಿ "ಇನ್ನೂ ವಯಸ್ಸಿದೆ, ಬಿಡು" ಅನ್ನುತ್ತಿದ್ದಳು.

ಚಳಿಗಾಲದಲ್ಲಿ ಒಂದು ಇಮೇಲ್ ಬಂತು. ಅಮೆರಿಕದ ಒಬ್ಬ ನಿವೃತ್ತ ಮೇಷ್ಟ್ರು, ಹಿಂದೆ ನಮ್ಮ ಹೋಟೆಲಿನಲ್ಲಿ ಒಂದು ವಾರ ಉಳಿದಿದ್ದವರು. ಆಗ ಅವರಿಗೆ ಬಸ್ಸಿನ ದಾರಿ ಹೇಳಿಕೊಟ್ಟಿದ್ದೆನಂತೆ, ನನಗೆ ನೆನಪಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವರು ತಮ್ಮ ವಂಶದ ಮೂಲ ಹುಡುಕುತ್ತಿದ್ದರು. ಇನ್ನೂರು ವರ್ಷಕ್ಕೂ ಹಿಂದೆ ಅಮೆರಿಕದ ಗಡಿ ಕಾಡಿನಲ್ಲಿ ಮರದ ದಿಮ್ಮಿಯ ಕೋಟೆ ಕಟ್ಟಿಕೊಂಡು ಕಾವಲಿದ್ದ, ಊರವರೇ ಸೇರಿ ಕಟ್ಟಿದ ದಂಡಿನ ಸಿಪಾಯಿಯೊಬ್ಬ ಅವರ ಮೂಲಪುರುಷ. ಅವನು ಹುಟ್ಟಿದ್ದು ನಮ್ಮ ಮನೆಯಿಂದ ಒಂದು ಗಂಟೆ ನಡಿಗೆಯ ಹಳ್ಳಿಯಲ್ಲಿ ಎಂದು ಅವರು ಕಂಡುಕೊಂಡಿದ್ದರು. ಅಲ್ಲಿನ ಹಳೆಯ ಚರ್ಚಿನಲ್ಲಿ ಅವನಿಗೆ ನಾಮಕರಣವಾದ ದಾಖಲೆ ಸಿಕ್ಕಿತ್ತು. ಅವನ ಅಪ್ಪ ಅಮ್ಮನ ಸಮಾಧಿಯ ಫೋಟೋ ಒಂದು ಬಾಕಿ. "ನಾನಂತೂ ಇನ್ನು ಬರಲಾರೆ. ನೀವು ಅಲ್ಲೇ ಇದ್ದೀರಲ್ಲ" ಎಂದು ಬರೆದಿದ್ದರು.

ನಮ್ಮೂರಿಗೆ ಕೆಲವು ವರ್ಷಕ್ಕೊಮ್ಮೆ ಹೆಳವರು ಬಂದು, ಜಗಲಿಯ ಮೇಲೆ ಕೂತು, ತಾತನ ತಾತಂದಿರ ಹೆಸರು ಒದರಿ, ದವಸ ತಗೊಂಡು ಹೋಗುತ್ತಿದ್ದರು. ಈ ಮನುಷ್ಯನಿಗೆ ಹೆಳವರಿಲ್ಲ, ಪಾಪ ಅನ್ನಿಸಿತು. ಒಪ್ಪಿಕೊಂಡೆ. ಮನೆಯಿಂದ ಹೊರಬೀಳುವುದಕ್ಕೆ ಒಂದು ನೆಪವೂ ಬೇಕಿತ್ತು.

ಹೋಗುವ ಮುಂಚೆ ಅವರೇ ವಿಡಿಯೋ ಕಾಲ್ ಮಾಡಿದರು. ಬಿಳಿ ಕೂದಲು, ಮೂಗಿಗೆ ಆಕ್ಸಿಜನ್ ನಳಿಕೆ. ಸಿಪಾಯಿಯ ಕಥೆಯನ್ನು ನಿನ್ನೆ ಮೊನ್ನೆ ನಡೆದದ್ದರಂತೆ ಹೇಳಿದರು: ಕಾಡು ಕಡಿದದ್ದು, ಜೋಳ ಬಿತ್ತಿದ್ದು, ದಂಡಿನ ಜೊತೆ ನದಿ ದಾಟಿ ಹೋಗಿ ಆಚೆಯವರ ಬೆಳೆ ಸುಟ್ಟು ಬಂದದ್ದು.

"ಆಚೆಯವರು ಅಂದ್ರೆ?" ಅಂದೆ.

"ಆ ನೆಲದಲ್ಲಿ ಮೊದಲಿದ್ದವರು."

"ಅವರೇನಾದರು?"

"ಅದನ್ನ ನಾನು ಹುಡುಕಲಿಲ್ಲ" ಅಂದರು.

ಮಾರನೇ ದಿನ ಹೊರಟೆ. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ನಿಯಮವಿತ್ತು. ಹಳ್ಳಿ ಅದರೊಳಗೇ ಇತ್ತು. ಚರ್ಚಿಗೆ ಸೂರಿರಲಿಲ್ಲ. ಸಮಾಧಿಗಳ ಮೇಲೆ ಐವಿ ಬಳ್ಳಿ ಹಬ್ಬಿತ್ತು. ಎರಡು ಗಂಟೆ ಹುಡುಕಿದ ಮೇಲೆ ಗಂಡ ಹೆಂಡತಿಯ ಹೆಸರಿದ್ದ ಕಲ್ಲು ಸಿಕ್ಕಿತು. ಅವರ ಕೆಳಗೆ ಮಗನ ಹೆಸರು. ಅದು ಸಿಪಾಯಿಯದೇ ಹೆಸರು. ಸತ್ತಾಗ ವಯಸ್ಸು ನಾಲ್ಕು ವರ್ಷ.

ಅಲ್ಲಿಂದಲೇ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು. "ಗಾಬರಿ ಬೇಡ" ಅಂದರು. ಗಾಬರಿ ಇದ್ದದ್ದು ಅವರ ಸ್ವರದಲ್ಲೇ. "ಆಗಿನ ಕಾಲದಲ್ಲಿ ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡ್ತಿದ್ರು. ನಮ್ಮವನು ಆಮೇಲೆ ಹುಟ್ಟಿದವನು. ಕೆಳಗೆ ಇನ್ನೊಂದು ಸಾಲು ಕಾಣಿಸ್ತಿದೆ, ನೋಡಿ."

ಬಾಟಲಿಯ ನೀರು ಹುಯ್ದು ಬೆರಳಿನಿಂದ ಪಾಚಿ ಸರಿಸಿದೆ. ಅಕ್ಷರ ಒಂದೊಂದಾಗಿ ಎದ್ದವು: "ಇವರ ಒಬ್ಬನೇ ಮಗ."

ಕಾಣಿಸಲಿಲ್ಲ ಅನ್ನಬಹುದಿತ್ತು. ಆದರೆ ಅಷ್ಟು ವರ್ಷದ ಹಿಂದೆ ಯಾರೋ ಹೆತ್ತವರು ಹಾಗೆ ಕೆತ್ತಿಸಿದ್ದರು. ಆ ಮಗು ಬೆಳೆದು, ಹಡಗು ಹತ್ತಿ ಸಿಪಾಯಿಯಾದ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಓದಿಬಿಟ್ಟೆ.

"ಹಾಗಾದ್ರೆ ನಮ್ಮವನು ಯಾರು?" ಅಂದರು. ಆಮೇಲೆ, "ನನಗೆ ಎಂಬತ್ತೊಂದು. ಮತ್ತೆ ಮೊದಲಿಂದ ಶುರು ಮಾಡೋಕೆ ಆಗಲ್ಲ. ಥ್ಯಾಂಕ್ಸ್" ಅಂದು ಫೋನ್ ಇಟ್ಟರು.

ನಾನು ಒದ್ದೆ ಹುಲ್ಲಿನ ಮೇಲೆ ಕೂತು ಅತ್ತೆ. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ. ಆ ಹೆತ್ತವರ ಮಗ ನಾಲ್ಕು ವರ್ಷವಾದರೂ ಓಡಾಡಿದ್ದ, ಅವನಿಗೊಂದು ಹೆಸರಿತ್ತು.

ಮನೆಗೆ ಬಂದಾಗ ಗಂಡ ಹೆಡ್‌ಫೋನ್ ತೆಗೆದು "ಸಿಕ್ತಾ?" ಅಂದ.

"ಸಿಕ್ತು. ಆ ಮಗು ನಾಲ್ಕು ವರ್ಷಕ್ಕೇ ಹೋಗಿತ್ತಂತೆ."

ಅವನು ನನ್ನ ಮುಖವನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಯಾರೋ ಅವನನ್ನು ಕರೆದರು. "ಎರಡು ನಿಮಿಷ" ಅಂದು ತಿರುಗಿದ. ಆಮೇಲೆ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೇಷ್ಟ್ರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ. ಮಾರ್ಚಿನಲ್ಲಿ ಅವರ ಮಗಳಿಂದ ನಾಲ್ಕು ಸಾಲು ಬಂತು. ಅಪ್ಪ ಕೋವಿಡ್‌ನಿಂದ ತೀರಿಕೊಂಡರು. ಕೊನೆಯ ತಿಂಗಳು ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲ. ವಂಶದ ಕಾಗದಗಳ ಹನ್ನೊಂದು ಪೆಟ್ಟಿಗೆಗಳನ್ನು ತಮ್ಮ ಕೈಯಾರೆ ಹೊರಗಿಟ್ಟು, ಕಸದ ಗಾಡಿಗೆ ಹಾಕಿಸಿದರು. ಅಂಥದ್ದೇನಾಯಿತೋ ನಮಗೆ ಗೊತ್ತಾಗಲಿಲ್ಲ, ನಿಮಗೇನಾದರೂ ಗೊತ್ತೇ?

ಮೂರು ದಿನ ಯೋಚಿಸಿದೆ. ಕೊನೆಗೆ, ಗೊತ್ತಿಲ್ಲ, ತುಂಬ ಬೇಸರವಾಯಿತು ಎಂದಷ್ಟೇ ಬರೆದು ಕಳಿಸಿದೆ.