ಫ್ರೇಸ್ ಕುತ್ತಿಗೆಗೋ ಕೋಟೆಗೋ?

ಭಿತ್ತಿಪತ್ರಿಕೆಯ ಮುಂದೆ ನಿಂತ ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಸ್ಟಾಫ್‌ರೂಮಿನಲ್ಲಿ ಯುದ್ಧವಾಯಿತು. ಕಾರಣ ನಾನೇ.

ನಾಳಿದ್ದಿನ ನಾಟಕದಲ್ಲಿ ನಾನು ಪೋರ್ಚುಗೀಸ್ ಕಪ್ತಾನ. ಬೇಕಾದ ಸಾಮಾನುಗಳ ಇಂಗ್ಲಿಷ್ ಪಟ್ಟಿಯಲ್ಲಿ ‘ಫ್ರೇಸ್’ ಎಂಬ ಶಬ್ದವಿತ್ತು. ಅರ್ಥವಾಗದೆ ಇಂಗ್ಲಿಷಿನ ಭಟ್ಟ ಸರ್ ಅವರನ್ನು ಕೇಳಿದೆ.

“ಕುತ್ತಿಗೆಗೆ ಕಟ್ಟುವ ನಿರಿಗೆಯ ಪಟ್ಟಿ. ಈಗ ನಿಮಗೆ ಬೆಲ್‌ಬಾಟಮ್ ಹೇಗೋ, ಆಗ ಅವರಿಗೆ ಅದು. ಟೈಲರಿಗೆ ಹೇಳು.”

ಪಕ್ಕದ ಮೇಜಿನಲ್ಲಿದ್ದ ಚರಿತ್ರೆಯ ಶೆಟ್ಟಿ ಸರ್ ಕನ್ನಡಕ ತೆಗೆದರು. “ಎಂತ ಭಟ್ರೇ? ಅದು ಕೋಟೆ ಗೋಡೆಗೆ ಅಡ್ಡ ನೆಡುವ ಚೂಪು ಗೂಟಗಳ ಸಾಲು. ನೀನು ಬಡಗಿಗೆ ಹೇಳು ಮಾರಾಯ.”

“ಗೂಟವನ್ನು ಇವನ ಕುತ್ತಿಗೆಗೆ ಕಟ್ಟುವುದಾ?”

“ನಿರಿಗೆ ನೋಡಿ ಶತ್ರು ಹೆದರ್ತಾನಾ?”

ಗಂಟೆ ಹೊಡೆದರೂ ಇಬ್ಬರೂ ಏಳಲಿಲ್ಲ. ನಾನು ಲೈಬ್ರರಿಯಿಂದ ನಿಘಂಟು ಹೊತ್ತು ತಂದೆ. ಅದರಲ್ಲಿ ಎರಡು ಅರ್ಥವೂ ಇತ್ತು. ಇಬ್ಬರೂ ಸಮಾಧಾನದಿಂದ ನಕ್ಕರು. ಅಲ್ಲಿಗೆ ನಾನು ಸುಮ್ಮನಿರಬಹುದಿತ್ತು.

“ಸರ್, ಯಾವ ಅರ್ಥ ಮೊದಲು ಹುಟ್ಟಿದ್ದು?” ಎಂದು ಕೇಳಿದೆ.

ನಗು ನಿಂತಿತು. “ಇದು ಸಣ್ಣ ಡಿಕ್ಷನರಿ. ದೊಡ್ಡದು ಪೇಟೆಯ ಲೈಬ್ರರಿಯಲ್ಲಿ ಉಂಟು, ಕೂತುಕೊಳ್ಳಿ” ಎಂದು ಶೆಟ್ಟಿ ಸರ್ ಭಟ್ಟ ಸರ್ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟರು. ಮಧ್ಯಾಹ್ನ ಕಳೆದರೂ ಇಬ್ಬರೂ ಬಂದಿಲ್ಲ. ಮೂರು ಪೀರಿಯಡ್ ಖಾಲಿ ಹೋಯಿತು. ಖುಷಿಯಲ್ಲಿ ಕ್ಲಾಸಿನವರು ನನಗೆ ಐಸ್‌ಕ್ರೀಮ್ ಕೊಡಿಸಿದರು.

ಇಂಥ ಇನ್ನೊಂದು ಶಬ್ದ ಯಾರಿಗಾದರೂ ಗೊತ್ತಿದ್ದರೆ ಬೇಗ ತಿಳಿಸಿ. ಸೋಮವಾರ ಇಬ್ಬರದೂ ಟೆಸ್ಟ್ ಇದೆ.