ಹಳೆಯ ಕಾನ್ಫಿಗ್, ಹೊಸ ಪ್ರಶ್ನೆ

ಕಿಟಕಿಯಿಂದ ಹೊಳೆಯ ಹಸಿ ಮಣ್ಣಿನ ವಾಸನೆ ಬಂದರೆ ಸಾಕು, ಎಂಟರ್ ಕೀಲಿಯ ಮೇಲಿಟ್ಟ ನನ್ನ ಬೆರಳು ತಾನಾಗಿ ಮೇಲೇಳುತ್ತದೆ. ನಗಬೇಡಿ, ಈಗಲೂ ಎದ್ದೇ ಇದೆ.

ಮಾಗಳದ ಈ ಪಂಪ್‌ಹೌಸಿನಲ್ಲಿ ಮೋಟಾರು ಹಚ್ಚುವುದು, ಆರಿಸುವುದು ಒಂದು ಪುಟ್ಟ ಲಿನಕ್ಸ್ ಕಂಪ್ಯೂಟರಿನ ಕೆಲಸ. ಅದರ ಕರ್ನಲ್, ಅಂದರೆ ಯಂತ್ರವನ್ನೆಲ್ಲ ನಡೆಸುವ ಮೂಲ ತಂತ್ರಾಂಶ, ಹೊಸದಾಗಿಸುವಾಗ ಸಾವಿರಾರು ಪ್ರಶ್ನೆಗಳಿಗೆ ಉತ್ತರಿಸುತ್ತ ಕೂರುವವರು ಯಾರು? ಹಿಂದಿನ ಉತ್ತರಗಳನ್ನು ಬರೆದಿಟ್ಟ ಹಳೆಯ ಕಾನ್ಫಿಗ್ ಫೈಲನ್ನೇ ತಂದಿಟ್ಟರೆ ಹಳೆಯ ಉತ್ತರಗಳು ತಾವೇ ಕೂರುತ್ತವೆ. ಯಂತ್ರ ಹೊಸ ಪ್ರಶ್ನೆಗಳನ್ನಷ್ಟೇ ಕೇಳುತ್ತದೆ. ನಮ್ಮಜ್ಜಿ ಹೊಸ ಒಲೆಗೆ ಹಳೆಯ ಒಲೆಯ ಬೂದಿ ಒಂದು ಚಿಟಿಕೆ ಹಾಕುತ್ತಿದ್ದಳು. ಅಂಥದೇ ನಂಬಿಕೆ.

ಎರಡು ವರ್ಷದ ಹಿಂದೆ ಕೀಲಿಮಣೆ ಗೆಳೆಯ ವೀರೇಶನ ಕೈಯಲ್ಲಿತ್ತು. ನಾನು ಪಕ್ಕದಲ್ಲಿ ತೂಕಡಿಸುತ್ತಿದ್ದೆ. ಪ್ರಶ್ನೆಗಳು ನೀರಿನ ಮೇಲಿನ ಎಲೆಗಳಂತೆ ತೇಲಿ ಹೋಗುತ್ತಿದ್ದವು, ಎಂಟರ್, ಎಂಟರ್. ಒಂದು ಮಾತ್ರ ಕಣ್ಣಿಗೆ ತಾಗಿತು: ಯಂತ್ರ ಏಳುವಾಗಲೇ ಹೊರಗಿನ ಸ್ವಿಚ್ಚುಗಳನ್ನು ವಶಕ್ಕೆ ತೆಗೆದುಕೊಳ್ಳಲೇ? ಮೋಟಾರಿನ ಸ್ವಿಚ್ಚೂ ಅದರಲ್ಲೇ ಬರುವುದರಿಂದ ಇದಕ್ಕೆ ಹಿಂದೆ 'ಬೇಡ' ಎಂದಿದ್ದೆವು. ಹೊಸ ಕರ್ನಲ್‌ನಲ್ಲಿ ಆಯ್ಕೆಯ ಹೆಸರು ಬದಲಾಗಿ, ನಮ್ಮ 'ಬೇಡ' ದಾರಿಯಲ್ಲೇ ಉದುರಿತ್ತು. ಹೇಳಲು ಬಾಯಿ ತೆರೆದೆ. ವೀರೇಶ ಆಗಲೇ ಎಂಟರ್ ಒತ್ತಿದ್ದ, ಅಂದರೆ 'ಹೌದು' ಎಂದಿದ್ದ. ಅವನಿಗೆ ಗೊತ್ತಿರುತ್ತದೆ ಅಂದುಕೊಂಡು, ತೆರೆದ ಬಾಯಲ್ಲಿ ಆಕಳಿಸಿದೆ.

ಮಧ್ಯಾಹ್ನ ಪಂಪ್‌ಹೌಸಿನ ಆಳು ಹುಲಿಗಪ್ಪ ಹೂಳು ತೆಗೆಯಲು, ಹೊಳೆಯ ನೀರು ಬಂದು ನಿಲ್ಲುವ ಬಾವಿಗೆ ಇಳಿಯುವವನಿದ್ದ. ಇಳಿಯುವ ಮುನ್ನ ಟವೆಲನ್ನು ಸ್ಟಾರ್ಟರಿನ ಹಿಡಿಗೆ ಕಟ್ಟಿದ: ಒಳಗೆ ಆಳಿದ್ದಾನೆ, ಯಾರೂ ಮುಟ್ಟಬಾರದು. ಹಿಡಿ ಕೈಯಿಂದ ಎತ್ತುವ ಕಾಲದ ಪದ್ಧತಿ. ಕಂಪ್ಯೂಟರ್ ಬಂದ ಮೇಲೆ ಹಿಡಿ ಸದಾ ಮೇಲೆಯೇ, ಚಾಲೂ ಸ್ಥಿತಿಯಲ್ಲೇ, ಇರುತ್ತಿತ್ತು.

"ಸರ, ನಿಮ್ಮ ಡಬ್ಬಿಗೆ ನನ್ನ ಟವೆಲ್ ಕಾಣ್ತೈತೇನ್ರಿ?" ಎಂದ.

"ಅದರ ವಾಸನಿಗೇ ಎಚ್ಚರಾಕ್ಕೈತಿ, ಇಳಿಯಲೇ," ಎಂದ ವೀರೇಶ.

ಹುಲಿಗಪ್ಪ ಇಳಿದ ಮೇಲೆ ಹೊಸ ಕರ್ನಲ್ ಏಳಿಸಿದೆವು. ಮೋಟಾರು ಗುಡುಗಿತು. ವೀರೇಶ ಹಾರಿ ಟವೆಲ್ ಸಮೇತ ಹಿಡಿಯನ್ನು ಕೆಳಗೆಳೆದ. ನಾನು ಕುರ್ಚಿಯಲ್ಲೇ ಇದ್ದೆ. ಕನಸಿನಲ್ಲಿ ಈಗಲೂ ಅಲ್ಲೇ ಇರುತ್ತೇನೆ. ಹುಲಿಗಪ್ಪ ಏಣಿಯನ್ನು ತಬ್ಬಿ ನೇತಾಡುತ್ತಿದ್ದ. ನೀರಿನ ಸೆಳೆತ ಅವನ ಒಂದು ಕಾಲನ್ನು ಪೈಪಿನ ಬಾಯಿಯತನಕ ಒಯ್ದಿತ್ತು.

"ನಾ ಒಳಗಿರೋದು ಮರ್ತ್ರೇನ್ರಿ?" ಅಷ್ಟೇ ಕೇಳಿದ್ದು.

ಎಲ್ಲರೂ ವೀರೇಶನನ್ನು ಬೈದರು. ಅವನು ಕೆಲಸ ಬಿಟ್ಟು ಕೊಟ್ಟೂರಿಗೆ ಹೋದ. ನಾನು ಸುಮ್ಮನಿದ್ದೆ.

ಇವತ್ತು ಮತ್ತೆ ಹೊಸ ಕರ್ನಲ್. ಹುಲಿಗಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡು ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೇನೆ. ಓದುತ್ತಾ ಓದುತ್ತಾ ಬಾಯಿಗೆ ಬಂದೇಬಿಟ್ಟಿತು: "ಅವತ್ತ ಆ ಪ್ರಶ್ನಿ ನನಗ ಕಂಡಿತ್ತು, ಹುಲಿಗಪ್ಪ. ನಾ ಹೇಳಲಿಲ್ಲ."

ಅವನು ನನ್ನ ಕಡೆ ತಿರುಗಿದ.

"ನನಗ ಹೇಳಿದ್ದು ಸಾಕ್ರಿ," ಎಂದ. "ವೀರೇಶಪ್ಪಗ ಫೋನ್ ಹಚ್ರಿ."